ಅಮೆರಿಕದ ಮನೆ ವ್ಯವಹಾರ: ಶೇಕಡಾ ಕಮಿಷನ್ ಬಿಟ್ಟು ಸಲಹೆಗೆ ಫೀಸ್ ಕೊಡುವ ದಾರಿ ಎಷ್ಟು ಸರಿ?

2024ರ ಆಗಸ್ಟ್ 17ರಿಂದ ಅಮೆರಿಕದಲ್ಲಿ ಒಂದು ನಿಯಮ ಬದಲಾಗಿದೆ. ಎಂಎಲ್‌ಎಸ್ (ಮಾರಾಟಕ್ಕಿರುವ ಮನೆಗಳನ್ನು ಬ್ರೋಕರ್‌ಗಳು ಹಂಚಿಕೊಳ್ಳುವ ಪಟ್ಟಿ) ಬಳಸುವ ಏಜೆಂಟ್ ಜೊತೆ ಮನೆ ನೋಡಲು ಹೊರಡುವ ಮುಂಚೆಯೇ ಕೊಳ್ಳುವವರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಏಜೆಂಟ್‌ಗೆ ಎಷ್ಟು ಕೊಡುತ್ತೀರಿ ಅಂತ ಬರೆಯಲು ಅದರಲ್ಲಿ ಒಂದು ಜಾಗ ಇರುತ್ತದೆ. ಅಲ್ಲಿ ಏನು ಬರೆಯಬಹುದು? ಏಜೆಂಟ್, ಬ್ರೋಕರ್‌ಗಳ ರಾಷ್ಟ್ರೀಯ ಸಂಘ, ಎನ್‌ಎಆರ್, ಗ್ರಾಹಕರಿಗಾಗಿ ಬರೆದ ವಿವರಣೆಯಲ್ಲೇ ನಾಲ್ಕು ಉದಾಹರಣೆ ಕೊಟ್ಟಿದೆ: ಸೊನ್ನೆ ಡಾಲರ್, ಒಂದು ನಿಗದಿ ಮೊತ್ತ, ಬೆಲೆಯ ಇಷ್ಟು ಶೇಕಡಾ, ಗಂಟೆಗೆ ಇಷ್ಟು. "ಮಾರುವವರು ಎಷ್ಟು ಕೊಟ್ಟರೆ ಅಷ್ಟು" ಅಂತ ಬರೆಯುವ ಹಾಗಿಲ್ಲ.

ಕಾಗದದ ಮೇಲೆ ನಾಲ್ಕೂ ಸಮಾನ. ಆದರೆ ಬಹುತೇಕ ಎಲ್ಲರೂ ಬರೆಯುವುದು ಶೇಕಡಾ ಲೆಕ್ಕವನ್ನೇ. ನಿಯಮ ಬದಲಾದ ಮೇಲೂ ಕೊಳ್ಳುವವರ ಏಜೆಂಟ್‌ಗೆ ಹೋಗುವ ಸರಾಸರಿ ಕಮಿಷನ್ ಶೇ 2.4ರ ಆಸುಪಾಸಿನಲ್ಲೇ ನಿಂತಿದೆ ಅಂತ ಮನೆ ಬ್ರೋಕರೇಜ್ ಕಂಪನಿ ರೆಡ್‌ಫಿನ್‌ನ ಅಂಕಿಅಂಶ ಹೇಳುತ್ತದೆ. ಕಮಿಷನ್ ಪದ್ಧತಿಯ ವಿರುದ್ಧ ಇಷ್ಟು ದೊಡ್ಡ ಕೋರ್ಟ್ ಕೇಸ್ ನಡೆದು, ಕೋಟಿಗಟ್ಟಲೆ ಡಾಲರ್ ಪರಿಹಾರ ಕೊಟ್ಟ ಮೇಲೂ ಯಾಕೆ ಹೀಗೆ? ನನ್ನ ಪ್ರಕಾರ ಜಗಳವೆಲ್ಲ ಶೇಕಡಾ ಆರೋ, ಐದೋ, ನಾಲ್ಕೋ ಅನ್ನುವುದರ ಸುತ್ತಲೇ ನಡೆಯಿತು. ಕೇಳಬೇಕಿದ್ದ ಪ್ರಶ್ನೆ ಬೇರೆ. ಸಲಹೆ ಕೊಡುವವರ ಸಂಪಾದನೆ ಮನೆ ಮಾರಾಟ ಆಗುವುದರ ಮೇಲೇ ನಿಂತಿರಬೇಕಾ?

ಮೊದಲು ದುಡ್ಡು ಹೇಗೆ ಓಡಾಡುತ್ತದೆ ನೋಡೋಣ. 5 ಲಕ್ಷ ಡಾಲರ್‌ನ ಮನೆ ಅಂದುಕೊಳ್ಳಿ. ಹಳೇ ಲೆಕ್ಕದಲ್ಲಿ ಶೇ 6 ಅಂದರೆ 30,000 ಡಾಲರ್. ಮಾರುವವರ ಬ್ರೋಕರ್‌ಗೆ 15,000, ಕೊಳ್ಳುವವರ ಬ್ರೋಕರ್‌ಗೆ 15,000. ಅಲ್ಲಿಂದ ಮುಂದೆ ಬ್ರೋಕರ್ ಮತ್ತು ಅವರ ಕೈಕೆಳಗಿನ ಏಜೆಂಟ್ ನಡುವೆ ಇನ್ನೊಂದು ಪಾಲು. ಅದು 70-30 ಇದ್ದರೆ ಏಜೆಂಟ್ ಕೈಗೆ 10,500 ಸಿಗುತ್ತದೆ. ಇದೇ ಏಜೆಂಟ್ ಎರಡೂವರೆ ಲಕ್ಷದ ಮನೆ ಮಾರಿದ್ದರೆ ಸಿಗುವುದು ಅದರ ಅರ್ಧ. ಕೆಲಸ ಅರ್ಧ ಆಗುತ್ತದಾ? ಇಲ್ಲ. ಎಷ್ಟೋ ಸಲ ಕಡಿಮೆ ಬೆಲೆಯ ಹಳೇ ಮನೆಗೇ ಓಡಾಟ ಜಾಸ್ತಿ.

ಈ 30,000 ಡಾಲರ್ ಕೊಳ್ಳುವವರ ಕಣ್ಣಿಗೆ ಬೀಳುವುದೇ ಕಷ್ಟ. ಕ್ಲೋಸಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ಮನೆ ಕೈ ಬದಲಾಗುವ ದಿನಕ್ಕೆ, ಮುಂಚೆ ಕೈಗೆ ಬರುವ ಐದು ಪುಟದ ಖರ್ಚಿನ ವಿವರ ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ ಎರಡನೇ ಪುಟದ ಕೊನೆಯ ಕಡೆ, 'ಇತರೆ' ಅನ್ನುವ ಭಾಗದಲ್ಲಿ ಕಮಿಷನ್ ಸಾಲು ಇರುತ್ತದೆ, ಅದೂ ಸಾಮಾನ್ಯವಾಗಿ ಮಾರುವವರ ಕಾಲಂನಲ್ಲಿ. ಅದನ್ನು ನೋಡಿ ಕೊಳ್ಳುವವರು "ಏಜೆಂಟ್ ನಮಗೆ ಫ್ರೀ" ಅಂದುಕೊಳ್ಳುತ್ತಾರೆ. ಆದರೆ ಆ ಮೇಜಿಗೆ ದುಡ್ಡು ತರುವವರು ಅವರು ಮತ್ತು ಅವರ ಬ್ಯಾಂಕ್ ಮಾತ್ರ. ಕಮಿಷನ್ ಬೆಲೆಯೊಳಗೆ ಸೇರಿರುತ್ತದೆ, ಬೆಲೆ ಸಾಲದೊಳಗೆ ಸೇರಿರುತ್ತದೆ, ಮೂವತ್ತು ವರ್ಷ ಅದಕ್ಕೆ ಬಡ್ಡಿ ಕಟ್ಟುತ್ತಾರೆ.

ಈ ಪದ್ಧತಿ ಹೇಗೆ ಬಂತು ಅನ್ನುವುದು ದೊಡ್ಡ ಕಥೆ. ಚುಟುಕಾಗಿ ಹೇಳುತ್ತೇನೆ. ವಾಷಿಂಗ್ಟನ್ ಡಿ.ಸಿ.ಯ ಬ್ರೋಕರ್‌ಗಳು ಸೇರಿ ಕಮಿಷನ್ ದರ ನಿಗದಿ ಮಾಡಿದ್ದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1950ರಲ್ಲೇ ಹೇಳಿತು. ದರಪಟ್ಟಿ ಹೋಯಿತು, ಅಭ್ಯಾಸ ಉಳಿಯಿತು. 1990ರ ದಶಕದಲ್ಲಿ ಎಂಎಲ್‌ಎಸ್‌ಗೆ ಬಂದ ನಿಯಮವೊಂದು ಅದನ್ನು ಇನ್ನೂ ಗಟ್ಟಿ ಮಾಡಿತು: ಮನೆಯನ್ನು ಪಟ್ಟಿಗೆ ಸೇರಿಸುವಾಗಲೇ ಕೊಳ್ಳುವವರ ಏಜೆಂಟ್‌ಗೆ ಎಷ್ಟು ಕೊಡುತ್ತೀರಿ ಅಂತ ಬರೆಯಲೇಬೇಕು. ಅಂದರೆ ಎದುರಾಳಿಯ ಏಜೆಂಟ್‌ನ ಸಂಬಳವನ್ನು ಮಾರುವವರೇ ಮೊದಲು ಘೋಷಿಸಬೇಕಿತ್ತು. ಇದರ ವಿರುದ್ಧ ಮಿಸೌರಿಯ ಮನೆ ಮಾರಾಟಗಾರರು 2019ರಲ್ಲಿ ಕೇಸ್ ಹಾಕಿದರು. 2023ರ ಅಕ್ಟೋಬರ್ 31ರಂದು ಕಾನ್ಸಾಸ್ ಸಿಟಿಯ ಜ್ಯೂರಿ ಎನ್‌ಎಆರ್ ಮತ್ತು ದೊಡ್ಡ ಬ್ರೋಕರೇಜ್‌ಗಳ ವಿರುದ್ಧ ಸುಮಾರು 180 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಎನ್‌ಎಆರ್ 41.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಎಂಎಲ್‌ಎಸ್‌ನಲ್ಲಿ ಕಮಿಷನ್ ಘೋಷಣೆ ನಿಂತದ್ದು, ಮೊದಲೇ ಒಪ್ಪಂದ ಬರೆಯುವ ನಿಯಮ ಬಂದದ್ದು ಎಲ್ಲಾ ಇದರ ಫಲ.

ಶೇಕಡಾ ಕಮಿಷನ್‌ನ ನಿಜವಾದ ತೊಂದರೆ ದುಬಾರಿ ಅನ್ನುವುದಲ್ಲ. ಅದು ಸಲಹೆಯನ್ನೇ ಒಂದು ಕಡೆಗೆ ವಾಲಿಸುತ್ತದೆ. ನೀವು ಮಾರುವವರು ಅಂದುಕೊಳ್ಳಿ. ಇನ್ನೆರಡು ವಾರ ಕಾದರೆ 10,000 ಡಾಲರ್ ಜಾಸ್ತಿ ಬರಬಹುದು. ಶೇ 6 ಕಳೆದರೂ ನಿಮಗೆ 9,400 ಉಳಿಯುತ್ತದೆ, ಕಾಯುವುದು ಲಾಭವೇ. ನಿಮ್ಮ ಏಜೆಂಟ್‌ಗೆ? ಶೇ 3ರ ಲೆಕ್ಕದಲ್ಲಿ 300, ಅದರಲ್ಲಿ ಬ್ರೋಕರ್ ಪಾಲು ಹೋಗಿ 210. ಆ 210 ಡಾಲರ್‌ಗಾಗಿ ಇನ್ನೆರಡು ವಾರ ಮನೆ ತೋರಿಸಿಕೊಂಡು ಓಡಾಡಬೇಕು, ವ್ಯವಹಾರ ಮುರಿದುಬೀಳುವ ಅಪಾಯ ಬೇರೆ. "ಬಂದ ಆಫರ್ ಒಪ್ಪಿಕೊಂಡುಬಿಡಿ" ಅನ್ನಲು ಅವರು ಕೆಟ್ಟವರೇ ಆಗಬೇಕಿಲ್ಲ, ಯಾರಾದರೂ ಹಾಗೇ ಅಂದಾರು.

ಇದು ಬರೀ ಊಹೆಯಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಇಲಿನಾಯ್‌ನ ಕುಕ್ ಕೌಂಟಿಯ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ತೆಗೆದುಕೊಂಡು, ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಹೇಗೆ ನಡೆದುಕೊಳ್ಳುತ್ತಾರೆ ಅಂತ ಹೋಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಏಜೆಂಟ್‌ಗಳ ಸ್ವಂತ ಮನೆಗಳು ಗ್ರಾಹಕರ ಅಂಥದ್ದೇ ಮನೆಗಳಿಗಿಂತ ಸರಾಸರಿ 9.5 ದಿನ ಜಾಸ್ತಿ ಮಾರುಕಟ್ಟೆಯಲ್ಲಿ ಇರುತ್ತವೆ, ಶೇ 3.7ರಷ್ಟು ಜಾಸ್ತಿ ಬೆಲೆಗೆ ಹೋಗುತ್ತವೆ. ತಮ್ಮ ಮನೆಗಾದರೆ ಕಾಯುತ್ತಾರೆ, ನಮ್ಮ ಮನೆಗಾದರೆ ಅವಸರ.

ಕೊಳ್ಳುವವರ ಕಡೆ ಪರಿಸ್ಥಿತಿ ಇನ್ನೂ ವಿಚಿತ್ರ. ನಿಮ್ಮ ಏಜೆಂಟ್ ಚೌಕಾಸಿ ಮಾಡಿ ಬೆಲೆಯನ್ನು 20,000 ಇಳಿಸಿದರೆ ಅವರ ಕಡೆಯ ಕಮಿಷನ್ 600 ಡಾಲರ್ ಕಮ್ಮಿಯಾಗುತ್ತದೆ. ಒಳ್ಳೆಯ ಕೆಲಸಕ್ಕೆ ದಂಡ ಕಟ್ಟಿದ ಹಾಗೆ. ಮೊತ್ತ ಸಣ್ಣದು, ಅದಕ್ಕಾಗಿ ಯಾರೂ ಮೋಸ ಮಾಡುವುದಿಲ್ಲ ಅನ್ನಬಹುದು, ನಾನೂ ಒಪ್ಪುತ್ತೇನೆ. ದೊಡ್ಡ ಎಳೆತ ಬೇರೆ ಕಡೆ ಇದೆ. "ಈ ಮನೆ ಬೇಡ, ಈ ವರ್ಷ ಕೊಳ್ಳುವುದೇ ಬೇಡ, ಬಾಡಿಗೆಗೇ ಇರಿ" ಅಂತ ಹೇಳಿದರೆ ಏಜೆಂಟ್‌ಗೆ ಸಿಗುವುದು ಸೊನ್ನೆ. ಎಷ್ಟೋ ಕುಟುಂಬಗಳಿಗೆ ಅದೇ ಸರಿಯಾದ ಸಲಹೆ ಆಗಿರುತ್ತದೆ. ಕೊಡುವವರು ಮಾತ್ರ ಯಾರೂ ಇಲ್ಲ, ಯಾಕಂದರೆ ಶೇಕಡಾ ಪದ್ಧತಿಯಲ್ಲಿ ಆ ಸಲಹೆಗೆ ದುಡ್ಡು ಕೊಡುವ ದಾರಿಯೇ ಇಲ್ಲ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. 1998ರಿಂದ 2011ರವರೆಗೆ ಬಾಸ್ಟನ್ ಸುತ್ತಮುತ್ತಲಿನ ಮನೆಗಳ ಪಟ್ಟಿಯನ್ನು ನೋಡಿದ ಅರ್ಥಶಾಸ್ತ್ರಜ್ಞರು ಕಂಡದ್ದು: ಕೊಳ್ಳುವವರ ಏಜೆಂಟ್‌ಗೆ ಶೇ 2.5ಕ್ಕಿಂತ ಕಮ್ಮಿ ಕೊಡುವ ಮನೆಗಳು ಮಾರಾಟವಾಗುವ ಸಾಧ್ಯತೆ ಶೇ 5ರಷ್ಟು ಕಮ್ಮಿ, ಮಾರಾಟವಾದರೂ ಶೇ 12ರಷ್ಟು ಜಾಸ್ತಿ ಸಮಯ ಹಿಡಿಯುತ್ತದೆ. ಕಮಿಷನ್ ಕಮ್ಮಿ ಇರುವ ಮನೆಯನ್ನು ಏಜೆಂಟ್‌ಗಳು ಸುಮ್ನೆ ತೋರಿಸದೇ ಬಿಡುತ್ತಾರೆ ಅನ್ನುವ ಹಳೇ ದೂರಿಗೆ ಇದು ಪುರಾವೆ. ಮಾರುವವರು ಭಯಪಟ್ಟು ಪೂರ್ತಿ ಶೇಕಡಾ ಕೊಡುತ್ತಿದ್ದದ್ದು ಇದಕ್ಕೇ.

ಹಾಗಂತ ಏಜೆಂಟ್‌ಗಳೆಲ್ಲ ದುಡ್ಡಲ್ಲಿ ಮುಳುಗಿದ್ದಾರೆ ಅಂದುಕೊಂಡರೆ ಅದು ಸುಳ್ಳು. ಮನೆ ಬೆಲೆ ಜಾಸ್ತಿ ಇರುವ ಊರಲ್ಲಿ ಏನಾಗುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ಚಾಂಗ್-ಟಾಯ್ ಶಿಯೆ ಮತ್ತು ಎನ್ರಿಕೋ ಮೊರೆಟ್ಟಿ 2003ರಲ್ಲಿ ವಿವರಿಸಿದರು. ಬೆಲೆ ಏರಿದರೆ ಕಮಿಷನ್ ಏರುತ್ತದೆ. ಕಮಿಷನ್ ಏರಿದರೆ ಇನ್ನಷ್ಟು ಜನ ಲೈಸೆನ್ಸ್ ಮಾಡಿಸಿಕೊಂಡು ಬರುತ್ತಾರೆ. ಅಷ್ಟೇ ಮನೆಗಳನ್ನು ಜಾಸ್ತಿ ಜನ ಹಂಚಿಕೊಳ್ಳುತ್ತಾರೆ. ಕೊನೆಗೆ ಒಬ್ಬೊಬ್ಬರ ಸಂಪಾದನೆ ಅಲ್ಲಿಂದಲ್ಲಿಗೇ. ಗ್ರಾಹಕರು ದುಬಾರಿ ತೆರುತ್ತಾರೆ, ಏಜೆಂಟ್ ಶ್ರೀಮಂತರಾಗುವುದಿಲ್ಲ, ಆ ದುಡ್ಡು ಮುಂದಿನ ಗ್ರಾಹಕರನ್ನು ಹುಡುಕುವುದರಲ್ಲೇ ಕರಗುತ್ತದೆ. ಜಾಹೀರಾತು, ಫಲಕ, ಕರೆ, ಕಾಫಿ ಭೇಟಿ. ಇದರಲ್ಲಿ ನಿಮ್ಮ ಮನೆಗೆ ಆದ ಕೆಲಸ ಎಷ್ಟು?

ಇಲ್ಲಿಗೆ ವಿಷಯದ ತಿರುಳಿಗೆ ಬಂದೆವು. ಕಮಿಷನ್ ಅಂದರೆ ಬರೀ ಕೂಲಿ ಅಲ್ಲ, ಅದರೊಳಗೆ ಒಂದು ವಿಮೆಯೂ ಸೇರಿದೆ. ಹತ್ತು ಜನರ ಜೊತೆ ಏಜೆಂಟ್ ತಿಂಗಳುಗಟ್ಟಲೆ ಓಡಾಡುತ್ತಾರೆ, ಆರು ಜನ ಕೊಳ್ಳುತ್ತಾರೆ, ನಾಲ್ಕು ಜನ ಮನಸ್ಸು ಬದಲಿಸುತ್ತಾರೆ ಅಂದುಕೊಳ್ಳಿ. ಆ ನಾಲ್ಕು ಜನರ ಖರ್ಚನ್ನೂ ಆರು ಜನರೇ ಹೊರುತ್ತಾರೆ. "ಮಾರಾಟ ಆಗದಿದ್ದರೆ ಏನೂ ಕೊಡಬೇಡಿ" ಅನ್ನುವ ಮಾತು ಕೇಳಲು ಚೆಂದ. ಆದರೆ ಎಲ್ಲಾ ವಿಮೆಯ ಹಾಗೆ ಇದಕ್ಕೂ ಪ್ರೀಮಿಯಂ ಇದೆ, ಕಟ್ಟುವವರು ವ್ಯವಹಾರ ಮುಗಿಸಿದವರು. ತಮಗೇನು ಬೇಕು ಅಂತ ಗೊತ್ತಿರುವ, ಎರಡು ವಾರದಲ್ಲಿ ನಿರ್ಧಾರ ಮಾಡುವ ಗ್ರಾಹಕರು, ಒಂದು ವರ್ಷ ಅಲೆದಾಡಿಸಿ ಬಿಟ್ಟುಹೋದವರ ಬಿಲ್ ಕಟ್ಟುತ್ತಿರುತ್ತಾರೆ.

ಕನ್ಸಲ್ಟಿಂಗ್ ಪದ್ಧತಿ ಈ ವಿಮೆಯನ್ನೂ ಕೆಲಸವನ್ನೂ ಬಿಡಿಸುತ್ತದೆ. ಮಾಡಿದ ಕೆಲಸಕ್ಕೆ ಫೀಸ್ ಕೊಡಿ, ಮನೆ ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದರಲ್ಲಿ ಹಲವು ರೂಪ ಇದೆ. ಗಂಟೆ ಲೆಕ್ಕ ಒಂದು. ಕೆಲಸದ ಪಟ್ಟಿ ಇಟ್ಟು ಒಂದೊಂದಕ್ಕೂ ಇಷ್ಟು ಅಂತ ದರ ಹೇಳುವುದು ಇನ್ನೊಂದು: ಬೆಲೆ ಅಂದಾಜಿಗೆ ಇಷ್ಟು, ಆಫರ್ ಬರೆಯಲು ಇಷ್ಟು, ಎಂಎಲ್‌ಎಸ್‌ಗೆ ಹಾಕಲು ಇಷ್ಟು. ಮೊದಲಿಂದ ಕೊನೆಯವರೆಗೆ ಒಂದೇ ನಿಗದಿ ಫೀಸ್ ಅನ್ನುವವರಿದ್ದಾರೆ. ಮೊದಲಿಗೆ ಸ್ವಲ್ಪ ಮುಂಗಡ ತೆಗೆದುಕೊಂಡು, ವ್ಯವಹಾರ ಮುಗಿದಾಗ ಅದನ್ನು ಕೊನೇ ಫೀಸ್‌ನಲ್ಲಿ ವಜಾ ಮಾಡುವ ಮಿಶ್ರ ಪದ್ಧತಿಯೂ ಇದೆ.

ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ಒಬ್ಬರು ಇಂಟರ್ನೆಟ್‌ನಲ್ಲಿ ತಾವೇ ಮನೆ ಹುಡುಕಿದ್ದಾರೆ, ಓಪನ್ ಹೌಸ್‌ಗೆ (ಯಾರು ಬೇಕಾದರೂ ಬಂದು ಮನೆ ನೋಡುವ ದಿನ) ಹೋಗಿ ನೋಡಿದ್ದಾರೆ. ಇನ್‌ಸ್ಪೆಕ್ಷನ್ ರಿಪೋರ್ಟ್ ಕೈಗೆ ಬಂದಿದೆ. ಹತ್ತಾರು ಪುಟ, ಫೋಟೋ, ಪುಟಪುಟಕ್ಕೂ ಕೆಂಪು ಗುರುತು. ಕಿಟಕಿಯ ಸೀಲ್ ಹೋಗಿರುವುದೂ ಕೆಂಪು, ರಸ್ತೆಯ ಒಳಚರಂಡಿಗೆ ಹೋಗುವ ಪೈಪ್ ಬಿರುಕು ಬಿಟ್ಟಿರುವುದೂ ಕೆಂಪು. ಮೊದಲ ಸಲ ಕೊಳ್ಳುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಅನುಭವಸ್ಥರು ಎರಡು ಗಂಟೆ ಕೂತು ಓದಿದರೆ ಹೇಳಬಲ್ಲರು: ಪೈಪ್, ಹಳೇ ಎಲೆಕ್ಟ್ರಿಕ್ ಪ್ಯಾನೆಲ್, ಛಾವಣಿ, ಈ ಮೂರಕ್ಕೆ ದುಡ್ಡು ಬಿಡಿಸಿಕೊಳ್ಳಿ, ಉಳಿದದ್ದಕ್ಕೆ ಜಗಳ ಆಡಿ ಮಾರುವವರನ್ನು ಕೆರಳಿಸಬೇಡಿ. ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮೂರು ಮನೆಗಳ ಬೆಲೆ ನೋಡಿ, ಈ ಬೆಲೆಗೆ ಬೇಡ ಅಂತಲೂ ಹೇಳಬಲ್ಲರು. ಕೊಂಡರೂ ಬಿಟ್ಟರೂ ಅವರಿಗೆ ಆ ಎರಡು ಗಂಟೆಯ ಫೀಸ್ ಸಿಗುತ್ತದೆ. ಹಾಗಾಗಿ ಆ "ಬೇಡ"ವನ್ನು ನಂಬಬಹುದು. ನನಗೆ ಈ ಪದ್ಧತಿಯಲ್ಲಿ ಇಷ್ಟವಾಗುವುದು ಉಳಿತಾಯಕ್ಕಿಂತ ಇದು.

ಕಮ್ಮಿ ಕಮಿಷನ್ ಕಂಪನಿಗಳನ್ನೂ ಕನ್ಸಲ್ಟಿಂಗನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. ಎರಡೂ ಬೇರೆ. ಶೇಕಡಾ ಇಳಿಸಿದ ಮಾತ್ರಕ್ಕೆ ವಾಲುವಿಕೆ ಹೋಗುವುದಿಲ್ಲ. ಫಾಕ್ಸ್‌ಟನ್ಸ್ ಕಂಪನಿಯ ಕಮ್ಮಿ ದರದ ಅಮೆರಿಕ ಶಾಖೆ 2007ರಲ್ಲಿ ದಿವಾಳಿಯಾಯಿತು. 2004ರಲ್ಲಿ ಶುರುವಾದ ರೆಡ್‌ಫಿನ್ ಏಜೆಂಟ್‌ಗಳಿಗೆ ಸಂಬಳ ಕೊಟ್ಟು ವ್ಯವಹಾರ ಬದಲಿಸಲು ಹೊರಟಿತ್ತು, ಕೊನೆಗೆ ಅವರನ್ನು ಕಮಿಷನ್ ಕಡೆಗೇ ತಳ್ಳಿತು, 2025ರಲ್ಲಿ ಮನೆ ಸಾಲ ಕೊಡುವ ರಾಕೆಟ್ ಕಂಪನಿಗೆ ಮಾರಾಟವಾಯಿತು. ಬ್ರಿಟನ್‌ನ ಪರ್ಪಲ್‌ಬ್ರಿಕ್ಸ್ ಇನ್ನೂ ಒಳ್ಳೆಯ ಪಾಠ. ಮನೆ ಮಾರಾಟ ಆಗಲಿ ಬಿಡಲಿ ನಿಗದಿ ಫೀಸ್ ಅಂದಿತು. 2017ರಲ್ಲಿ ಅಮೆರಿಕಕ್ಕೆ ಬಂತು, 2019ರಲ್ಲಿ ವಾಪಸ್ ಹೋಯಿತು, 2023ರಲ್ಲಿ ಬ್ರಿಟನ್‌ನಲ್ಲಿ ಅದರ ವ್ಯವಹಾರ ಒಂದು ಪೌಂಡ್‌ಗೆ ಕೈ ಬದಲಾಯಿತು. ಅದರ ಮೇಲೆ ಮತ್ತೆ ಮತ್ತೆ ಕೇಳಿಬಂದ ಟೀಕೆ ಏನಂದರೆ, ಮನೆಯನ್ನು ಪಟ್ಟಿಗೆ ಹಾಕಿದ ಕೂಡಲೇ ದುಡ್ಡು ಬಂದುಬಿಟ್ಟರೆ ಆಮೇಲೆ ಓಡಾಡುವವರು ಯಾರು? ಫಲಿತಾಂಶದ ಮೇಲೆ ನಿಲ್ಲದ ಫೀಸ್ ಅಂದರೆ ಕೆಲಸದ ಮೇಲೂ ನಿಲ್ಲದ ಫೀಸ್ ಆಗಬಾರದು. ಗಂಟೆ ಲೆಕ್ಕ, ಕೆಲಸದ ಲೆಕ್ಕ ಇರುವ ಕಡೆ ಕೆಲಸ ಮಾಡಿದರೇ ದುಡ್ಡು. ಈ ವ್ಯತ್ಯಾಸ ದೊಡ್ಡದು.

ಹಾಗಾದರೆ ಇದು ಯಾಕೆ ಹಬ್ಬಿಲ್ಲ? ಏಜೆಂಟ್‌ಗಳ ಹಠ ಒಂದು ಕಾರಣ, ಆದರೆ ಅದೇ ಮುಖ್ಯ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮುಖ್ಯ ಕಾರಣ ಸಾಲದ ನಿಯಮ. ಬೆಲೆಯೊಳಗೆ ಅಡಗಿರುವ ಕಮಿಷನ್‌ಗೆ ಬ್ಯಾಂಕ್ ಸಾಲ ಸಿಗುತ್ತದೆ. ಕೊಳ್ಳುವವರು ನೇರವಾಗಿ ಕೊಡುವ ಫೀಸ್ ಸಾಮಾನ್ಯವಾಗಿ ಸಾಲದ ಮೊತ್ತಕ್ಕೆ ಸೇರುವುದಿಲ್ಲ, ಕೈಯಿಂದಲೇ ಕೊಡಬೇಕು. ಡೌನ್ ಪೇಮೆಂಟ್‌ಗೆ ವರ್ಷಗಟ್ಟಲೆ ಕೂಡಿಟ್ಟ ಕುಟುಂಬಕ್ಕೆ ಆಗ 5,000 ಡಾಲರ್ ನಗದು ಕೊಡುವುದಕ್ಕಿಂತ 12,500 ಡಾಲರನ್ನು ಮೂವತ್ತು ವರ್ಷದ ಸಾಲದೊಳಗೆ ಸೇರಿಸುವುದೇ ಹಗುರ ಅನ್ನಿಸುತ್ತದೆ. ಅವರದು ದಡ್ಡತನ ಅಲ್ಲ, ಅವರ ಕೈಯಲ್ಲಿ ನಗದು ಇಲ್ಲ. ಮಾಜಿ ಸೈನಿಕರಿಗೆ ಸಿಗುವ ವಿಎ ಸಾಲದಲ್ಲಂತೂ ಕೊಳ್ಳುವವರು ತಮ್ಮ ಏಜೆಂಟ್‌ಗೆ ತಾವೇ ಫೀಸ್ ಕೊಡುವುದಕ್ಕೇ ನಿರ್ಬಂಧ ಇತ್ತು. 2024ರ ಆಗಸ್ಟ್‌ನಲ್ಲಷ್ಟೇ ಅದನ್ನು ಸಡಿಲಿಸಿದರು. ಇತ್ತ ಬ್ಯಾಂಕ್‌ಗಳಿಂದ ಮನೆ ಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು, ರೂಢಿಯಂತೆ ಮಾರುವವರು ಕೊಡುವ ಕೊಳ್ಳುವವರ ಏಜೆಂಟ್ ಕಮಿಷನ್ ಅನ್ನು ಕೊಳ್ಳುವವರ ಖರ್ಚಿಗೆ ಮಾರುವವರು ಕೊಡಬಹುದಾದ ಹಣದ ಮಿತಿಯಲ್ಲಿ ಲೆಕ್ಕ ಹಿಡಿಯುವುದಿಲ್ಲ ಅಂತ ಅದೇ ವರ್ಷ ಸ್ಪಷ್ಟಪಡಿಸಿದವು. ಸಾಲದ ನಿಯಮ ಹಳೇ ದಾರಿಗೇ ನೀರೆರೆಯುತ್ತಿದ್ದರೆ ಹೊಸ ದಾರಿ ಹೇಗೆ ಬೆಳೆಯಬೇಕು?

ಆಮೇಲೆ ಲೈಸೆನ್ಸ್. ದುಡ್ಡು ತೆಗೆದುಕೊಂಡು ಬೇರೆಯವರ ಪರವಾಗಿ ಮನೆ ವ್ಯವಹಾರ ಮಾಡಿಸುವವರಿಗೆ ಅಲ್ಲಿ ರಾಜ್ಯದ ಲೈಸೆನ್ಸ್ ಬೇಕು, ಏಜೆಂಟ್ ಅದನ್ನು ಒಬ್ಬ ಬ್ರೋಕರ್ ಕೆಳಗೇ ಇಟ್ಟುಕೊಳ್ಳಬೇಕು, ಫೀಸ್ ಕೂಡ ಬ್ರೋಕರ್ ಮೂಲಕವೇ ಬರಬೇಕು. ಬ್ರೋಕರ್ ಒಪ್ಪದಿದ್ದರೆ ಏಜೆಂಟ್‌ಗೆ ಎಷ್ಟೇ ಮನಸ್ಸಿದ್ದರೂ ಗಂಟೆ ಲೆಕ್ಕದ ಕೆಲಸ ಮಾಡಲಾಗದು. 2005ರ ಹೊತ್ತಿಗೆ ಟೆಕ್ಸಸ್, ಮಿಸೌರಿಯಂಥ ರಾಜ್ಯಗಳು ಬ್ರೋಕರ್ ಕನಿಷ್ಠ ಇಷ್ಟು ಸೇವೆ ಕೊಡಲೇಬೇಕು ಅಂತ ಕಾನೂನು ತಂದವು. ಗ್ರಾಹಕರ ರಕ್ಷಣೆ ಅನ್ನುವುದು ಕೊಟ್ಟ ಕಾರಣ. ತನಗೆ ಬೇಡದ ಸೇವೆಗೂ ಗ್ರಾಹಕ ದುಡ್ಡು ಕೊಡಬೇಕಾಗುತ್ತದೆ ಅಂತ ಕೇಂದ್ರದ ನ್ಯಾಯ ಇಲಾಖೆ ಮತ್ತು ವ್ಯಾಪಾರದ ಸ್ಪರ್ಧೆ, ಗ್ರಾಹಕರ ಹಿತ ನೋಡುವ ಫೆಡರಲ್ ಟ್ರೇಡ್ ಕಮಿಷನ್ ಆಗಲೇ ವಿರೋಧಿಸಿದ್ದವು. ಕೆಲವು ರಾಜ್ಯಗಳಲ್ಲಿ ಕಮಿಷನ್‌ನ ಒಂದು ಪಾಲನ್ನು ಗ್ರಾಹಕರಿಗೆ ವಾಪಸ್ ಕೊಡುವುದಕ್ಕೂ ಅಡ್ಡಿ ಇದೆ.

ಬೇರೆ ಕ್ಷೇತ್ರದಲ್ಲಿ ಇಂಥ ಗಂಟು ಬಿಚ್ಚಿದೆ. 1975ರ ಮೇ 1ರಂದು ಅಮೆರಿಕದ ಷೇರು ಮಾರುಕಟ್ಟೆಯಲ್ಲಿ ನಿಗದಿ ಬ್ರೋಕರ್ ಕಮಿಷನ್ ರದ್ದಾಯಿತು. ಅಲ್ಲಿಂದ ಕಮ್ಮಿ ದರದ ಬ್ರೋಕರ್‌ಗಳು ಬಂದರು, ಸಲಹೆಗೇ ಬೇರೆ ಫೀಸ್ ತೆಗೆದುಕೊಳ್ಳುವ ಸಲಹೆಗಾರರೂ ಬೆಳೆದರು. ಬ್ರಿಟನ್‌ನಲ್ಲಿ 2012ರ ಕೊನೆಯಿಂದ ಹೂಡಿಕೆ ಸಲಹೆಗಾರರು ಕಂಪನಿಗಳಿಂದ ಕಮಿಷನ್ ತೆಗೆದುಕೊಳ್ಳುವುದೇ ನಿಂತಿತು. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಸಣ್ಣ ಉಳಿತಾಯದವರಿಗೆ ಸಲಹೆ ಸಿಗುವುದೇ ಕಷ್ಟವಾಯಿತು ಅನ್ನುವ ದೂರು ಅಲ್ಲಿ ಇವತ್ತಿಗೂ ಇದೆ. ಮನೆ ವಿಷಯದಲ್ಲೂ ಇದು ಆಗಬಹುದು.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಉದಾಹರಣೆಗೆ ಗಂಟೆಗೆ 200 ಡಾಲರ್ ಅಂದುಕೊಳ್ಳಿ. ಇಪ್ಪತ್ತೈದು ಗಂಟೆಯಲ್ಲಿ ಕೆಲಸ ಮುಗಿದರೆ 5,000. ಐದು ಲಕ್ಷದ ಮನೆಗೆ ಶೇ 2.5 ಅಂದರೆ 12,500, ಹಾಗಾಗಿ ದೊಡ್ಡ ಉಳಿತಾಯ. ಎರಡೂವರೆ ಲಕ್ಷದ ಮನೆಗೆ ಕಮಿಷನ್ 6,250, ಉಳಿತಾಯ ಅಲ್ಪ. ಮೊದಲ ಸಲ ಕೊಳ್ಳುವವರು ಹನ್ನೆರಡು ಮನೆ ನೋಡಿ, ಮೂರು ಆಫರ್ ಸೋತು, ಎಂಬತ್ತು ಗಂಟೆ ತೆಗೆದುಕೊಂಡರೆ 16,000 ಡಾಲರ್, ಮನೆ ಸಿಗದಿದ್ದರೂ ಕೊಡಬೇಕು. ಆ ಅಪಾಯವನ್ನು ಯಾರು ತಡೆದುಕೊಳ್ಳಬಲ್ಲರು? ಹಿಂದೆ ಒಂದೆರಡು ಮನೆ ಕೊಂಡವರು, ಮನೆ ಈಗಾಗಲೇ ಗೊತ್ತುಮಾಡಿಕೊಂಡವರು, ಪರಿಚಯದವರ ಜೊತೆ ನೇರ ವ್ಯವಹಾರ ಮಾಡುವವರು, ದುಬಾರಿ ಮನೆ ಮಾರುವವರು. ಇವರು ಇವತ್ತೂ ಶೇಕಡಾ ಕೊಡುತ್ತಿದ್ದರೆ ಸುಮ್ನೆ ಕಳೆದುಕೊಳ್ಳುತ್ತಿದ್ದಾರೆ. ಕೈಯಲ್ಲಿ ನಗದು ಇಲ್ಲದ, ಏನು ಬೇಕೆಂದು ಇನ್ನೂ ತಿಳಿಯದ ಹೊಸಬರಿಗೆ ಶೇಕಡಾ ಪದ್ಧತಿ ಈಗಲೂ ಆಸರೆಯೇ. ಅದನ್ನು ಪೂರ್ತಿ ನಿಷೇಧಿಸಿ ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ.

ಗಂಟೆ ಲೆಕ್ಕಕ್ಕೂ ಅದರದೇ ರೋಗ ಇದೆ ಅಲ್ವಾ? ಕೆಲಸ ಎಳೆದಷ್ಟೂ ಬಿಲ್ ಬೆಳೆಯುತ್ತದೆ, ವಕೀಲರ ಫೀಸ್ ಕಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಅದಕ್ಕೇ ಒಪ್ಪಂದದಲ್ಲಿ ಗರಿಷ್ಠ ಮಿತಿ ಬರೆಸಿಕೊಳ್ಳಬೇಕು. ಗಂಟೆಗೆ ಇಷ್ಟು, ಒಟ್ಟು ಇಷ್ಟಕ್ಕಿಂತ ಮೇಲೆ ಹೋಗುವಂತಿಲ್ಲ, ಇಷ್ಟು ಗಂಟೆ ಮೀರುವ ಮುಂಚೆ ಕೇಳಬೇಕು, ವಾರಕ್ಕೊಮ್ಮೆ ಕೆಲಸದ ಪಟ್ಟಿ ಕಳಿಸಬೇಕು. ಯಾವ ಕೆಲಸ ಒಳಗೆ, ಯಾವುದು ಹೊರಗೆ ಅನ್ನುವುದೂ ಕಾಗದದ ಮೇಲಿರಬೇಕು, ಯಾಕಂದರೆ ಕ್ಲೋಸಿಂಗ್ ಹಿಂದಿನ ದಿನ ಬಂದ ಸಮಸ್ಯೆಗೆ "ಅದು ನನ್ನ ಕೆಲಸ ಅಲ್ಲ" ಅನ್ನುವ ಉತ್ತರ ಸಿಕ್ಕರೆ ಆಗ ಬೇರೆಯವರನ್ನು ಹುಡುಕಲು ಸಮಯ ಇರುವುದಿಲ್ಲ.

ಏಜೆಂಟ್ ಹತ್ತಿರ ಕೇಳುವಾಗ ನೇರವಾಗಿ ಕೇಳಿ: ನಿಮ್ಮ ಬ್ರೋಕರ್ ಗಂಟೆ ಲೆಕ್ಕ ಅಥವಾ ನಿಗದಿ ಫೀಸ್ ಒಪ್ಪುತ್ತಾರಾ? ಅವರ ವೃತ್ತಿ ವಿಮೆ ಅಂಥ ಕೆಲಸಕ್ಕೂ ಅನ್ವಯಿಸುತ್ತದಾ? ಒಂದು ಸಾಮಾನ್ಯ ವ್ಯವಹಾರಕ್ಕೆ ನಿಮಗೆ ಎಷ್ಟು ಗಂಟೆ ಹಿಡಿಯುತ್ತದೆ? ಮೂರನೇ ಪ್ರಶ್ನೆಗೆ ತಡವರಿಸಿದರೆ, ತಮ್ಮ ಗಂಟೆಗಳನ್ನು ಅವರು ಯಾವತ್ತೂ ಬರೆದಿಟ್ಟಿಲ್ಲ ಅಂತ ಅರ್ಥ. ಅಂಥವರ ಜೊತೆ ಗಂಟೆ ಲೆಕ್ಕಕ್ಕಿಂತ ನಿಗದಿ ಫೀಸೇ ವಾಸಿ. ಇನ್ನು ಮಾರುವವರು ಏಜೆಂಟ್ ಫೀಸ್‌ಗೆ ಅಂತ ದುಡ್ಡು ಬಿಡಲು ಒಪ್ಪಿದರೆ ಏನು ಮಾಡುವುದು ಅನ್ನುವುದನ್ನೂ ಮೊದಲೇ ಬರೆಸಿ. ಈಗಿನ ನಿಯಮದಂತೆ ಒಪ್ಪಂದದಲ್ಲಿರುವ ಮೊತ್ತಕ್ಕಿಂತ ಜಾಸ್ತಿಯನ್ನು ಏಜೆಂಟ್ ಯಾರಿಂದಲೂ ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಫೀಸ್ 5,000 ಇದ್ದು ಮಾರುವವರು 12,000 ಬಿಡಲು ತಯಾರಿದ್ದರೆ, ಉಳಿದ 7,000 ಡಾಲರನ್ನು ಬೆಲೆಯಲ್ಲಿ ಇಳಿಸಬೇಕೋ ಇಲ್ಲ ನಿಮ್ಮ ಕ್ಲೋಸಿಂಗ್ ಖರ್ಚಿಗೆ ಹಾಕಿಸಿಕೊಳ್ಳಬೇಕೋ ಅಂತ ಸಾಲ ಕೊಡುವವರ ಹತ್ತಿರ ಕೇಳಿ ತಿಳಿದುಕೊಂಡು, ಆಫರ್ ಬರೆಯುವಾಗಲೇ ಅದನ್ನು ಸೇರಿಸಬೇಕು. ಆಫರ್ ಒಪ್ಪಿಗೆಯಾದ ಮೇಲೆ ಕೇಳಿದರೆ ಮಾರುವವರು ಒಪ್ಪಬೇಕಾದ ಯಾವ ಕಟ್ಟುಪಾಡೂ ಇರುವುದಿಲ್ಲ.